ತಪ್ಪು ಎಲ್ಲಿದೆ?

ಅಡಿಗೆಮನೆಯಲ್ಲಿ ಗಾಜಿನ ಲೋಟವೊಂದು ಬಿದ್ದು ಒಡೆದ ಸದ್ದು ಕೇಳಿಸಿತೆನ್ನಿ. ನಡುಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತವರ ಬಾಯಿಂದ ಹೊರಡುವ ಮೊದಲ ಮಾತು ಯಾವುದು? ‘ಯಾರದು ಒಡೆದದ್ದು?’ ಎಂಬುದೇ ಅಲ್ಲವೆ? ಲೋಟ ಮೇಜಿನ ಅಂಚಿನಲ್ಲಿತ್ತೆ, ನೆಲ ಒದ್ದೆಯಾಗಿತ್ತೆ, ಮೇಜಿನ ಒಂದು ಕಾಲು ಮೊದಲಿನಿಂದಲೂ ಕುಂಟುತ್ತಿತ್ತೆ ಎಂದು ವಿಚಾರಿಸುವವರು ನೂರಕ್ಕೊಬ್ಬರು ಸಿಕ್ಕಿದರೆ ಹೆಚ್ಚು. ಯಾರೆಂಬುದು ತಿಳಿದರೆ ಸಾಕು, ನಮ್ಮ ಮನಸ್ಸಿಗೆ ಒಂದು ಬಗೆಯ ಸಮಾಧಾನ. ಬೈಯುವುದಕ್ಕೆ ಒಂದು ಮುಖ ಸಿಕ್ಕಿತು, ಪ್ರಕರಣ ಮುಗಿಯಿತು. ಮೇಜಿನ ಕುಂಟುಕಾಲು ಮಾತ್ರ ಮುಂದಿನ ಲೋಟಕ್ಕಾಗಿ ಕಾಯುತ್ತ ಹಾಗೆಯೇ ನಿಂತಿರುತ್ತದೆ.

ಇದನ್ನು ಬೇರೆಯವರ ಮೇಲೆ ಹೊರಿಸಿ ಬರೆಯುತ್ತಿದ್ದೇನೆಂದು ಓದುಗರು ಭಾವಿಸಬಾರದು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ನಮ್ಮ ವೃತ್ತಿಯವರಿಗೆ ಈ ‘ಯಾರು?’ ಎಂಬ ಪ್ರಶ್ನೆ ಹುಟ್ಟುಮಚ್ಚೆ ಇದ್ದ ಹಾಗೆ. ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿದರೆ ನಕ್ಕವನನ್ನು ಹುಡುಕುತ್ತೇವೆಯೇ ಹೊರತು, ನಗುವಿಗೆ ಕಾರಣ ನಮ್ಮ ಪಾಠವೇ ಇದ್ದೀತೆಂದು ಶಂಕಿಸುವುದಿಲ್ಲ. ‘ಯಾರು?’ ಎನ್ನುವುದಕ್ಕೆ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಉಂಟೆಂದು ನನಗೆ ತಿಳಿದದ್ದು ತೀರ ಈಚೆಗೆ. ಅದನ್ನು ಕಲಿಸಿದವನು ಯಾವ ತತ್ತ್ವಶಾಸ್ತ್ರಜ್ಞನೂ ಅಲ್ಲ. ಕಲಬುರಗಿಯ ನಮ್ಮ ಮನೆಯ ಮಹಡಿಯ ಮೇಲೆ ಬಾಡಿಗೆಗಿರುವ, ಯಂತ್ರ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಒಬ್ಬ ಯುವಕ.

ಅವನ ಕೆಲಸವೇನೆಂಬುದನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಈಗ ಕಾರ್ಖಾನೆಗಳಲ್ಲಿ ಪಿ.ಎಲ್.ಸಿ. ಎಂಬ ಒಂದು ಉಪಕರಣವಿರುತ್ತದೆ. ಗೋಡೆಯ ಕಬ್ಬಿಣದ ಪೆಟ್ಟಿಗೆಯೊಳಗೆ ಕುಳಿತು ಇಡೀ ಯಂತ್ರಸಮೂಹವನ್ನು ಆಳುವ ಸಣ್ಣದೊಂದು ಗಣಕ. ಇದು ಬರುವುದಕ್ಕೆ ಮುಂಚೆ ನೂರಾರು ರಿಲೇಗಳನ್ನು ತಂತಿಗಳಿಂದ ಹೆಣೆದು ಈ ಕೆಲಸ ಮಾಡಿಸುತ್ತಿದ್ದರಂತೆ. ತಯಾರಿಸುವ ಮಾಲು ಬದಲಾದರೆ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಹೆಣೆಯಬೇಕು. ಈ ಗೋಳನ್ನು ತಪ್ಪಿಸಲೆಂದು 1968ರ ಸುಮಾರಿಗೆ ಅಮೆರಿಕದ ಮೋಟಾರು ತಯಾರಕರ ಬೇಡಿಕೆ ಹುಟ್ಟಿತು. ರಿಚರ್ಡ್ ಮಾರ್ಲಿ ಮತ್ತು ಆತನ ಸಂಗಡಿಗರು ‘ಮಾಡಿಕಾನ್ 084’ ಎಂಬ ಯಂತ್ರವನ್ನು ಕಟ್ಟಿಕೊಟ್ಟರು. ಅದು ಅವರ ಎಂಬತ್ತನಾಲ್ಕನೆಯ ಯೋಜನೆಯಾಗಿದ್ದುದೇ ಆ ಅಂಕಿಗೆ ಕಾರಣ. ಈ ಉಪಕರಣ ಮಾಡುವುದು ಮೂರೇ ಕೆಲಸ. ಮೊದಲು, ತಂತಿಗಳು ತಂದ ಸುದ್ದಿಗಳನ್ನು ಓದುತ್ತದೆ. ಆಮೇಲೆ, ತನಗೆ ಬರೆದುಕೊಟ್ಟ ವಿಧಿಯನ್ನು ಮೇಲಿನಿಂದ ಕೆಳಗೆ ನಡೆಸುತ್ತದೆ. ಕೊನೆಗೆ, ಮೋಟಾರು ತಿರುಗಲಿ, ಬಾಗಿಲು ತೆರೆಯಲಿ ಎಂದು ಅಪ್ಪಣೆ ಹೊರಡಿಸುತ್ತದೆ. ಈ ಒಂದು ಸುತ್ತಿಗೆ ಬೇಕಾಗುವುದು ಕೆಲವೇ ಮಿಲಿಸೆಕೆಂಡು. ಹೀಗೆ ಹಗಲಿರುಳೂ ಸುತ್ತುತ್ತಲೇ ಇರುತ್ತದೆ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಲೋಕವೆಂದರೆ ಅದರ ಪಾಲಿಗೆ ತಂತಿ ತಂದ ಸುದ್ದಿ, ಅಷ್ಟೆ.

ಕಳೆದ ಫೆಬ್ರವರಿಯ ಒಂದು ಶನಿವಾರ ಅವನು ಕಮಲಾಪುರಕ್ಕೆ ಹೊರಟಿದ್ದ. ಅಲ್ಲಿಯ ಬೇಳೆ ಗಿರಣಿಯೊಂದರಿಂದ ಕರೆ ಬಂದಿತ್ತು. “ಬರ್ತೀರೇನ್ರಿ ಸರ್?” ಎಂದ. ನಿಜ ಹೇಳಬೇಕೆಂದರೆ ನನ್ನನ್ನು ಎಳೆದದ್ದು ಯಂತ್ರವಲ್ಲ, ಕಮಲಾಪುರದ ಕೆಂಪು ಬಾಳೆಹಣ್ಣು. ಅವನ ಮೋಟಾರುಸೈಕಲ್ಲಿನ ಹಿಂದೆ ಕುಳಿತು ಹುಮನಾಬಾದ್ ರಸ್ತೆ ಹಿಡಿದೆವು. ಕಪನೂರಿನ ಕೈಗಾರಿಕಾ ಪ್ರದೇಶ ದಾಟಿ, ಮಹಾಗಾಂವ್ ಕ್ರಾಸು ದಾಟಿ ಹೋಗುವಾಗ ಎರಡು ಕಡೆಯೂ ತೊಗರಿ ಕೊಯ್ದು ಬರಿದಾದ ಕಪ್ಪು ಹೊಲಗಳು. ತೊಗರಿಯೆಂದರೆ ನಮ್ಮ ಜಿಲ್ಲೆಯ ಉಸಿರು. ಹೊಲ ಬರಿದಾದಾಗ ಗಿರಣಿಗಳಿಗೆ ಜೀವ ಬರುತ್ತದೆ. ಕಾಳನ್ನು ಹಸನು ಮಾಡಿ, ಸಿಪ್ಪೆ ಗೀರಿ, ಎಣ್ಣೆ ಸವರಿ, ಒಣಗಿಸಿ, ಒಡೆದು, ಬಣ್ಣ ನೋಡಿ ಬೇರ್ಪಡಿಸಿ ಚೀಲಕ್ಕೆ ತುಂಬುವವರೆಗೆ ಯಂತ್ರಗಳಿಗೆ ಪುರಸೊತ್ತಿಲ್ಲ.

ಕಮಲಾಪುರದ ಗಿರಣಿಯಲ್ಲಿ ತೊಂದರೆಯಿದ್ದದ್ದು ಈ ಚೀಲ ತುಂಬುವ ಕೊನೆಯ ಹಂತದಲ್ಲಿ. ತುಂಬುವ ಬಾಯಿಯ ಕೆಳಗೆ ಎರಡು ಪಕ್ಕದಲ್ಲಿ ಒಂದು ದೀಪ, ಒಂದು ಕಣ್ಣು. ದೀಪದ ಕಿರಣ ಕಣ್ಣನ್ನು ಮುಟ್ಟುತ್ತಿದ್ದರೆ ಚೀಲವಿಲ್ಲವೆಂದು ಅರ್ಥ. ಕಿರಣ ತಪ್ಪಿದರೆ ಚೀಲ ಬಂದಿದೆಯೆಂದು ಅರ್ಥ. ಚೀಲ ಬಂದರೆ ಬಾಯಿ ತೆರೆಯುತ್ತದೆ, ತೂಕ ಸರಿಯಾದೊಡನೆ ಮುಚ್ಚುತ್ತದೆ. ಈಗ ಎರಡು ವಾರದಿಂದ ಸಂಜೆಯ ಹೊತ್ತು ಚೀಲವೇ ಇಲ್ಲದೆ ಬಾಯಿ ತೆರೆದು ಬೇಳೆಯನ್ನೆಲ್ಲ ನೆಲಕ್ಕೆ ಸುರಿಯುತ್ತಿತ್ತು.

ಮಾಲೀಕರಿಗೆ ಕಾರಣ ಗೊತ್ತಿತ್ತು. ಅಂದರೆ, ಯಾರೆಂಬುದು ಗೊತ್ತಿತ್ತು. ಮಧ್ಯಾಹ್ನದ ಪಾಳಿಯಲ್ಲಿ ಚೀಲ ಹಿಡಿಯುವ ಒಬ್ಬ ಮಧ್ಯವಯಸ್ಕ ಕೆಲಸಗಾರ. ಬೆಳಗಿನ ಪಾಳಿಯಲ್ಲಿ ಒಂದು ಸಲವೂ ಹೀಗಾಗಿಲ್ಲ. ಆದದ್ದೆಲ್ಲ ಇವನ ಕೈಯಲ್ಲಿ. ಎರಡು ದಿನದ ಕೂಲಿ ಮುರಿದುಕೊಂಡಾಗಿತ್ತು. ಇನ್ನೊಂದು ಸಲವಾದರೆ ಮನೆಗೆ ಕಳಿಸುವುದೆಂದೂ ನಿಶ್ಚಯವಾಗಿತ್ತು. ತರ್ಕದಲ್ಲಿ ಏನಾದರೂ ಕೊರತೆ ಉಂಟೇ ಹೇಳಿ. ನನಗಂತೂ ಕಾಣಿಸಲಿಲ್ಲ. ಆ ಮನುಷ್ಯ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದುದನ್ನು ನೋಡಿ, ತಪ್ಪಿತಸ್ಥನೇ ಇರಬೇಕೆಂದು ನಾನೂ ಅಂದುಕೊಂಡೆ. ತಲೆ ತಗ್ಗಿಸುವುದಕ್ಕೆ ತಪ್ಪಲ್ಲದೆ ಬೇರೆ ಕಾರಣಗಳೂ ಇರುತ್ತವೆ ಎಂಬುದು ಆಗ ನೆನಪಾಗಲಿಲ್ಲ.

ನಮ್ಮ ಹುಡುಗ ಅವನ ತಂಟೆಗೂ ಹೋಗಲಿಲ್ಲ, ಯಂತ್ರದ ತಂಟೆಗೂ ಹೋಗಲಿಲ್ಲ. ಪೆಟ್ಟಿಗೆಯ ಬಾಗಿಲು ತೆರೆದು ದೀಪಗಳನ್ನು ನೋಡಿದ. ವಿದ್ಯುತ್ತು ಸರಿಯಾಗಿ ಬರುತ್ತಿದೆಯೆ, ಇಪ್ಪತ್ತನಾಲ್ಕು ವೋಲ್ಟು ಇಪ್ಪತ್ತನಾಲ್ಕೇ ಇದೆಯೆ ಎಂದು ಅಳೆದ. ಯಂತ್ರವನ್ನು ನಿಲ್ಲಿಸಿ, ತಂತಿಗಳ ತುದಿಗಳನ್ನು ಒಂದೊಂದಾಗಿ ಮೆಲ್ಲನೆ ಎಳೆದು ಸಡಿಲವಾಗಿವೆಯೆ ಎಂದು ಪರೀಕ್ಷಿಸಿದ. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಕುಳಿತ. ಮಾಲೀಕರಿಗೆ ತಾಳ್ಮೆ ತಪ್ಪಿತು. “ಲ್ಯಾಪ್‌ಟಾಪ್ ತೆಗಿರಲ್ಲ, ಪ್ರೋಗ್ರಾಮ್ ನೋಡ್ರಿ” ಎಂದರು. ಅವನು ನಗುತ್ತ ಹೇಳಿದ: “ಮುಂಜಾನೆ ಬರೋಬರಿ ನಡದ ಪ್ರೋಗ್ರಾಮು ಸಂಜಿಗಿ ತಾನೇ ತಾನು ಕೆಡಂಗಿಲ್ರಿ. ಅದು ಮೆದುಳು. ಮೆದುಳಿಗಿಂತ ಮೊದಲ ಕೆಡೂದು ಕಣ್ಣು, ಕಿವಿ, ಕೈಕಾಲು.”

ಈ ಮಾತು ಅವನ ಕಸುಬಿನ ಮೊದಲ ಪಾಠವಂತೆ. ಯಂತ್ರ ನಿಂತರೆ ಹೊಸಬರು ನೇರವಾಗಿ ಪ್ರೋಗ್ರಾಮಿಗೆ ಕೈ ಹಾಕುತ್ತಾರೆ. ಏಕೆಂದರೆ ಅಲ್ಲಿ ಜಾಣತನ ತೋರಿಸಲು ಅವಕಾಶ ಹೆಚ್ಚು. ಪಳಗಿದವರು ಮೊದಲು ಹೊರಗೆ ಹುಡುಕುತ್ತಾರೆ. ಸಡಿಲವಾದ ತಿರುಪು, ಧೂಳು ಕವಿದ ಕಣ್ಣು, ಇಲಿ ಕಡಿದ ತಂತಿ, ಹೊರಗೆ ನೆಟ್ಟಗೆ ಕಂಡರೂ ಒಳಗೆ ತುಂಡಾದ ತಂತಿ. ಹುಡುಕುವುದಕ್ಕೂ ಒಂದು ಕ್ರಮ ಉಂಟು. ದಾರಿಯನ್ನು ನಡುವಿಗೆ ಕತ್ತರಿಸಿ ನೋಡಬೇಕು. ಅಪ್ಪಣೆಯ ದೀಪ ಹೊತ್ತಿಯೂ ಮೋಟಾರು ತಿರುಗದಿದ್ದರೆ ದೋಷ ಅಲ್ಲಿಂದ ಮುಂದೆ. ದೀಪವೇ ಹೊತ್ತದಿದ್ದರೆ ದೋಷ ಅಲ್ಲಿಂದ ಹಿಂದೆ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿ ಫಲ ಕಾಣದಿದ್ದರೆ ಮೊದಲಿದ್ದಂತೆಯೇ ಇಡಬೇಕು. ನಾಲ್ಕು ಕಡೆ ಏಕಕಾಲಕ್ಕೆ ಕೈಯಾಡಿಸಿದವನಿಗೆ ಯಂತ್ರ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ. ಪ್ರೋಗ್ರಾಮನ್ನು ಮುಟ್ಟಲೇಬೇಕಾದರೆ ಮೊದಲು ಅದರ ಒಂದು ಪ್ರತಿಯನ್ನು ತೆಗೆದಿರಿಸಬೇಕು. ಫ್ಯೂಸು ಸುಟ್ಟಿದ್ದರೆ ಹೊಸದು ಹಾಕಿ ಎದ್ದುಹೋಗಬಾರದು. ಫ್ಯೂಸು ರೋಗವಲ್ಲ, ರೋಗದ ಸುದ್ದಿ ತಂದು ಪ್ರಾಣ ಬಿಟ್ಟ ದೂತ. ಇವನ್ನೆಲ್ಲ ಅವನು ಸ್ಟೂಲಿನ ಮೇಲೆ ಕುಳಿತು, ದೀಪಗಳ ಮೇಲಿನ ಕಣ್ಣು ಕೀಳದೆ, ನನಗೆ ಹೇಳುತ್ತಿದ್ದ.

ಆಮೇಲೆ ಆ ಕೆಲಸಗಾರನನ್ನು ಕರೆದ. ‘ಏನು ಮಾಡಿದೆ?’ ಎಂದು ಕೇಳಲಿಲ್ಲ, “ಏನ್ ನೋಡಿದ್ರಿ?” ಎಂದು ಕೇಳಿದ. ಎಷ್ಟು ಸಣ್ಣ ವ್ಯತ್ಯಾಸ ನೋಡಿ! ಮೊದಲನೆಯದು ಆರೋಪಿಗೆ ಕೇಳುವ ಪ್ರಶ್ನೆ, ಎರಡನೆಯದು ಸಾಕ್ಷಿಗೆ ಕೇಳುವ ಪ್ರಶ್ನೆ. ಮನುಷ್ಯ ತಲೆಯೆತ್ತಿದ. ಚೀಲಗಳ ಲೆಕ್ಕ ಬರೆಯುವ ಪುಸ್ತಕ ತಂದ. ಬೇಳೆ ಚೆಲ್ಲಿದ ದಿನಗಳಿಗೆ ಅವನೇ ಒಂದು ಗುರುತು ಹಾಕಿ ಹೊತ್ತು ಬರೆದಿದ್ದ. ಎಲ್ಲವೂ ಐದರಿಂದ ಐದೂವರೆಯ ಒಳಗೆ. ನಡುವೆ ಒಂದು ಮಂಗಳವಾರ, ಬುಧವಾರ ಮಾತ್ರ ಗುರುತಿರಲಿಲ್ಲ. ಆ ಎರಡು ದಿನ ಮೋಡ ಮುಸುಕಿತ್ತೆಂದು ಅವನೇ ನೆನಪುಮಾಡಿಕೊಂಡ. “ಎರಡು ವಾರದಾಗ ಇಲ್ಲಿ ಏನರೆ ಬದಲಾಗ್ಯಾದೇನ್ರಿ?” ಮಾಲೀಕರು ತಟ್ಟನೆ, “ಏನೂ ಇಲ್ಲ” ಎಂದರು. ಕೆಲಸಗಾರ ಒಂದು ಕ್ಷಣ ಸುಮ್ಮನಿದ್ದು ಪಶ್ಚಿಮದ ಕಿಟಕಿಯ ಕಡೆಗೆ ಕೈ ತೋರಿಸಿದ. “ಹೊರಗ ಬೇವಿನ ಗಿಡ ಇತ್ರಿ. ಕಡದಾರ.”

ಐದು ಗಂಟೆಯಾಯಿತು. ಬೇವಿನ ನೆರಳಿಲ್ಲದ ಕಿಟಕಿಯಿಂದ ಇಳಿಬಿಸಿಲು ಓರೆಯಾಗಿ ಬಂದು ಯಂತ್ರದ ಕಣ್ಣಿಗೆ ನೇರವಾಗಿ ಬಡಿಯಿತು. ಪೆಟ್ಟಿಗೆಯಲ್ಲಿ ‘ಚೀಲ ಬಂದಿದೆ’ ಎಂಬ ದೀಪ ಹೊತ್ತಿಕೊಂಡಿತು. ಚೀಲವಿರಲಿಲ್ಲ. ಸೂರ್ಯನ ಪ್ರಖರತೆಯಲ್ಲಿ ಕಣ್ಣು ಕುರುಡಾಗಿ ತನ್ನ ಜೊತೆಯ ಸಣ್ಣ ದೀಪವನ್ನು ಗುರುತಿಸಲಾರದೆ ಹೋಗಿತ್ತು. ಇದಕ್ಕೆ ಮುಂಚೆಯೇ ನಮ್ಮ ಹುಡುಗ ಬೇಳೆ ಬೀಳುವ ದಾರಿಯನ್ನು ಮುಚ್ಚಿ, ಬಾಯಿ ತೆರೆಯಿಸುವ ಗಾಳಿಯ ಕೊಳವೆಯನ್ನು ಬಂದುಮಾಡಿ, ಅದಕ್ಕೆ ತನ್ನದೇ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದ. ಈಗ ಎದ್ದು ಲೆಕ್ಕದ ಪುಸ್ತಕವನ್ನು ಬಿಸಿಲಿಗೆ ಅಡ್ಡ ಹಿಡಿದ, ದೀಪ ಆರಿತು. ತೆಗೆದ, ಹೊತ್ತಿತು. ಹೀಗೆ ಮೂರು ಸಲ. “ಒಂದ್ ಸಲ ಆದ್ರ ಆಕಸ್ಮಿಕ ಸರ್, ಮೂರು ಸಲ ಆದ್ರ ಕಾರಣ” ಎಂದ.

ರಿಪೇರಿಗೆ ಕಾಸು ಖರ್ಚಾಗಲಿಲ್ಲ. ದೀಪವನ್ನು ಕಣ್ಣಿದ್ದ ಕಡೆಗೂ ಕಣ್ಣನ್ನು ದೀಪವಿದ್ದ ಕಡೆಗೂ ಅದಲುಬದಲು ಮಾಡಿದ. ಕಣ್ಣು ಈಗ ಪೂರ್ವಕ್ಕೆ ಮುಖಮಾಡಿತು. ಅಲ್ಲಿ ಕಿಟಕಿಯಿಲ್ಲದ ಗೋಡೆ. ಅಷ್ಟೇ. ಎರಡು ವಾರ ಒಬ್ಬ ಮನುಷ್ಯನ ಮೇಲೆ ಹೊತ್ತು ಕುಳಿತಿದ್ದ ಅಪರಾಧ ಒಂದು ಸ್ಪ್ಯಾನರಿನ ನಾಲ್ಕು ಸುತ್ತಿಗೆ ಕಳಚಿ ಬಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದೊಂದು ಜಾಣತನದ ಪ್ರಸಂಗವಾಗುತ್ತಿತ್ತು. ನಾನೂ ಬಾಳೆಹಣ್ಣು ಕೊಂಡು ಮನೆಗೆ ಬರುತ್ತಿದ್ದೆ. ಆದರೆ ಹೊರಡುವ ಮುಂಚೆ ಅವನ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಕಾಳನ್ನು ಮೇಲಕ್ಕೇರಿಸುವ ಯಂತ್ರದ ಪಟ್ಟಿ ತಿರುಗುವಲ್ಲಿ ಕಬ್ಬಿಣದ ಮರೆಬಾಗಿಲೊಂದಿತ್ತು. ಅದನ್ನು ತೆರೆದೊಡನೆ ಯಂತ್ರ ನಿಲ್ಲುವಂತೆ ಒಂದು ಸ್ವಿಚ್ಚು. ಆ ಸ್ವಿಚ್ಚಿನ ಎರಡು ತುದಿಗಳನ್ನೂ ಯಾರೋ ಒಂದು ಗೇಣು ಕೆಂಪು ತಂತಿಯಿಂದ ಸೇರಿಸಿಬಿಟ್ಟಿದ್ದರು. ಈಗ ಬಾಗಿಲು ತೆರೆದರೂ ಯಂತ್ರಕ್ಕೆ ‘ಬಾಗಿಲು ಮುಚ್ಚಿದೆ’ ಎಂಬ ಸುದ್ದಿಯೇ ಹೋಗುತ್ತದೆ. ಮಾಲೀಕರು ಸಮಾಧಾನ ಹೇಳಿದರು: ಅದು ಸುಮ್ಮಸುಮ್ಮನೆ ಯಂತ್ರ ನಿಲ್ಲಿಸುತ್ತಿತ್ತು, ಹಂಗಾಮಿನ ಗಡಿಬಿಡಿ, ಆಮೇಲೆ ಸರಿಮಾಡಿಸಿದರಾಯಿತು. ನಮ್ಮ ಹುಡುಗ ಮೊದಲ ಸಲ ಗಟ್ಟಿಯಾಗಿ ಮಾತಾಡಿದ. ಆ ತಂತಿ ಅಲ್ಲಿರುವ ತನಕ ತಾನು ಯಂತ್ರ ಚಾಲೂ ಮಾಡಿಕೊಡುವುದಿಲ್ಲವೆಂದ. ತಂತಿ ಕಿತ್ತ. ಸ್ವಿಚ್ಚು ಏಕೆ ಸುಮ್ಮಸುಮ್ಮನೆ ನಿಲ್ಲಿಸುತ್ತಿತ್ತೆಂದು ನೋಡಿದರೆ, ಯಂತ್ರದ ಅದುರಿಗೆ ಬಾಗಿಲಿನ ಕೀಲು ಜೋತುಬಿದ್ದಿತ್ತು. ಕೀಲನ್ನು ಎತ್ತಿ ಬಿಗಿದ. ಇಪ್ಪತ್ತು ನಿಮಿಷದ ಕೆಲಸ. ಆ ಇಪ್ಪತ್ತು ನಿಮಿಷವನ್ನು ಉಳಿಸಲು ಒಬ್ಬನ ಕೈಯನ್ನು ಎಷ್ಟು ದಿನಗಳಿಂದ ಪಣಕ್ಕೆ ಇಟ್ಟಿದ್ದರೋ!

ದಾರಿಯಲ್ಲಿ ನಾನು ಅವನನ್ನು ಚುಚ್ಚಿದೆ. “ಬೇಳೆ ಚೆಲ್ಲಿದಾಗ ಯಾರೆಂದು ಕೇಳಬಾರದು ಎಂದೆಯಲ್ಲ, ಈ ತಂತಿ ಕಟ್ಟಿದವನ ಮೇಲೆ ಸಿಟ್ಟೇಕೆ? ಎಲ್ಲಕ್ಕೂ ಬಿಸಿಲು, ಕೀಲು, ತಂತಿ ಎನ್ನುತ್ತ ಹೋದರೆ ಲೋಕದಲ್ಲಿ ತಪ್ಪಿತಸ್ಥರೇ ಇಲ್ಲವಾಗಲಿಲ್ಲವೆ?” ಅವನು ಉತ್ತರ ಕೊಡಲಿಲ್ಲ, ಗಾಳಿಯ ಸದ್ದಿಗೆ ಕೇಳಿಸಿರಲಿಕ್ಕಿಲ್ಲ. ಆದರೆ ನನ್ನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಲ್ಲಿ ನಿಜವಾದ ತೊಡಕೊಂದಿದೆ. ಮನುಷ್ಯನನ್ನು ಹೊಣೆಯಿಂದ ಬಿಡಿಸಿ ಎಲ್ಲವನ್ನೂ ಪರಿಸ್ಥಿತಿಯ ತಲೆಗೆ ಕಟ್ಟುವುದು ಉದಾರವಾಗಿ ಕಾಣುತ್ತದೆ. ಆದರೆ ಅದು ಮನುಷ್ಯನನ್ನು ಯಂತ್ರದ ಹಲ್ಲುಗಾಲಿಯಾಗಿ ಎಣಿಸಿದಂತೆಯೇ ಸರಿ. ಹಾಗಾದರೆ ‘ಎಲ್ಲಿ?’ ಎಂಬ ಪ್ರಶ್ನೆ ‘ಯಾರು?’ ಎಂಬುದನ್ನು ನುಂಗಿಬಿಡಬೇಕೆ?

ಇದಕ್ಕೆ ಉತ್ತರ ನನಗೆ ಹೊಳೆದದ್ದು ಭೋಪಾಲದ ದುರಂತವನ್ನು ನೆನೆದಾಗ. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3ರ ಬೆಳಗಾಗುವುದರೊಳಗೆ ಅಲ್ಲಿಯ ಕೀಟನಾಶಕದ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಅತೃಪ್ತ ಕೆಲಸಗಾರನೊಬ್ಬ ಬೇಕೆಂದೇ ತೊಟ್ಟಿಗೆ ನೀರು ಬಿಟ್ಟನೆಂದು ಕಂಪನಿ ವಾದಿಸಿತು. ಇದು ‘ಯಾರು?’ ಎಂಬುದಕ್ಕೆ ಬಲು ಬೇಗ ಸಿಗುವ ಉತ್ತರ. ಆದರೆ ‘ಎಲ್ಲಿ?’ ಎಂದು ಕೇಳುತ್ತ ಹೋದವರಿಗೆ ಕಂಡದ್ದೇನು? ತೊಟ್ಟಿಯನ್ನು ತಂಪಾಗಿಡಬೇಕಾದ ಶೀತಕಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆ ರಿಪೇರಿಗೆಂದು ಬಿಚ್ಚಿಟ್ಟಿತ್ತು. ಅನಿಲವನ್ನು ತೊಳೆದು ಶಮನಗೊಳಿಸಬೇಕಾದ ಉಪಕರಣ ಆ ಹೊತ್ತಿನಲ್ಲಿ ಸಿದ್ಧವಾಗಿರಲಿಲ್ಲ. ಒಂದೊಂದೂ ಕಮಲಾಪುರದ ಆ ಕೆಂಪು ತಂತಿಯ ಅಣ್ಣತಮ್ಮಂದಿರೇ. ಒಂದೊಂದರ ಹಿಂದೆಯೂ ‘ಆಮೇಲೆ ಮಾಡಿಸಿದರಾಯಿತು’ ಎಂದ ಮನಸ್ಸು, ಉಳಿಸಿದ ಹಣ.

ಆದಕಾರಣ, ‘ಎಲ್ಲಿ?’ ಎಂಬುದು ‘ಯಾರು?’ ಎಂಬುದನ್ನು ಅಳಿಸುವುದಿಲ್ಲ. ಅದನ್ನು ಸರಿಯಾದ ವಿಳಾಸಕ್ಕೆ ತಲುಪಿಸುತ್ತದೆ. ಮೊದಲೇ ‘ಯಾರು?’ ಎಂದು ಕೇಳಿದರೆ ಸಿಕ್ಕುವವನು ಕೈಗೆ ಹತ್ತಿರವಿದ್ದವನು, ಅಂದರೆ ಸಾಮಾನ್ಯವಾಗಿ ಬಡವ, ಮಾತು ಬಾರದವನು, ಮಧ್ಯಾಹ್ನದ ಪಾಳಿಯವನು. ‘ಎಲ್ಲಿ?’ ಎಂಬುದನ್ನು ಕೊನೆಯವರೆಗೆ ಕೇಳಿ ಆಮೇಲೆ ‘ಯಾರು?’ ಎಂದರೆ ಸಿಕ್ಕುವವನು ನಿಜವಾಗಿ ಹೊಣೆ ಹೊರಬೇಕಾದವನು. ಪ್ರಶ್ನೆಗಳು ಎರಡೂ ಬೇಕು. ಅವುಗಳ ಅನುಕ್ರಮದಲ್ಲಿಯೇ ನ್ಯಾಯವಿದೆ.

ನಮ್ಮ ಸೀಮೆಗೆ ದೋಷವಿಚಾರ ಹೊಸದಲ್ಲ. ಕಲಬುರಗಿಯ ಸಮೀಪದಲ್ಲೇ ಇರುವ ಮಳಖೇಡ, ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ವಿಷಯವೇ ಕಾವ್ಯದ ದೋಷ ಮತ್ತು ಅದೋಷ. ಹತ್ತಾರು ವರ್ಷ ಅದನ್ನು ಪಾಠ ಹೇಳಿಯೂ ಆ ಎರಡನೆಯ ಪದಕ್ಕೆ ನಾನು ಹೆಚ್ಚು ಗಮನ ಕೊಟ್ಟಿರಲಿಲ್ಲ. ಯಾವುದು ದೋಷವಲ್ಲ ಎಂದು ನಿರ್ಣಯಿಸುವುದೂ ದೋಷನಿರ್ಣಯದ ಅರ್ಧ ಭಾಗ. ಮಳಖೇಡದಲ್ಲಿ ಈಗ ಸಿಮೆಂಟು ಕಾರ್ಖಾನೆಯಿದೆ. ಅಲ್ಲಿಯೂ ಪೆಟ್ಟಿಗೆಗಳ ಮುಂದೆ ನಿಂತು ದೋಷ ಎಲ್ಲಿ, ಅದೋಷ ಎಲ್ಲಿ ಎಂದು ಹುಡುಕುವ ಹುಡುಗರು ಇದ್ದೇ ಇರುತ್ತಾರೆ. ಶಾಸ್ತ್ರ ಊರು ಬಿಟ್ಟು ಹೋಗಿಲ್ಲ ಎಂದುಕೊಂಡರೆ ನನಗೆ ಸಂತೋಷವಾಗುತ್ತದೆ.

ಆ ಸಂಜೆಯ ನಂತರ ಮಹಡಿಯ ಮೆಟ್ಟಿಲಮೇಲೆ ಕುಳಿತು ಅವನಿಂದ ಇನ್ನೂ ಕೆಲವು ಸಂಗತಿ ಕೇಳಿ ತಿಳಿದೆ. ಯಂತ್ರದಲ್ಲಿ ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿ ಇರುತ್ತದಷ್ಟೆ. ಅದನ್ನು ಒತ್ತಿದಾಗ ವಿದ್ಯುತ್ತು ಹರಿಯುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲ, ಸದಾ ಹರಿಯುತ್ತಿರುತ್ತದೆ, ಒತ್ತಿದಾಗ ಕಡಿಯುತ್ತದೆ. ಏಕೆಂದರೆ, ಎಂದಾದರೂ ಆ ತಂತಿಯೇ ತುಂಡಾದರೆ? ಆಗಲೂ ಯಂತ್ರ ನಿಲ್ಲಬೇಕು. ತಂತಿ ಒಂದಲ್ಲ ಒಂದು ದಿನ ತುಂಡಾಗುತ್ತದೆಂದು ಮೊದಲೇ ಒಪ್ಪಿಕೊಂಡು, ತುಂಡಾದರೆ ಯಾರ ಕೈಯೂ ಹೋಗದ ಹಾಗೆ ಕಟ್ಟುವುದು. ಅಪರಾಧ ಸಿದ್ಧವಾಗುವ ತನಕ ಆರೋಪಿ ನಿರಪರಾಧಿ ಎಂದು ನ್ಯಾಯಶಾಸ್ತ್ರ ಹೇಳುವುದೂ ಇದೇ ಅಲ್ಲವೆ? ಸಾಕ್ಷ್ಯದ ತಂತಿ ತುಂಡಾದಾಗ ಶಿಕ್ಷೆಯ ಚಕ್ರ ನಿಲ್ಲಬೇಕು, ತಿರುಗಬಾರದು. ನಮ್ಮ ಮನಸ್ಸುಗಳನ್ನು ಮಾತ್ರ ನಾವು ತಿರುವುಮುರುವಾಗಿ ಹೆಣೆದುಕೊಂಡಿದ್ದೇವೆ. ಸಾಕ್ಷ್ಯ ಕಡಿಮೆಯಾದಷ್ಟೂ ಸಂಶಯದ ಮೋಟಾರು ಜೋರಾಗಿ ತಿರುಗುತ್ತದೆ.

ಇನ್ನೊಂದು ಮಾತು ಹೇಳಿದ; ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ತೊಟ್ಟಿಯಲ್ಲಿ ಎಷ್ಟು ನೀರಿದೆ, ಒಲೆ ಎಷ್ಟು ಬಿಸಿಯಾಗಿದೆ ಎಂಬ ಅಳತೆಗಳನ್ನು ತಂತಿಯಲ್ಲಿ ಕಳಿಸುವಾಗ ನಾಲ್ಕರಿಂದ ಇಪ್ಪತ್ತು ಮಿಲಿಆಂಪಿಯರಿನವರೆಗಿನ ಪ್ರವಾಹವನ್ನು ಬಳಸುತ್ತಾರೆ. ತುಂಬಿದ ತೊಟ್ಟಿಗೆ ಇಪ್ಪತ್ತು; ಬರಿದಾದ ತೊಟ್ಟಿಗೆ ನಾಲ್ಕು. ಬರಿದಾದದ್ದಕ್ಕೆ ಸೊನ್ನೆ ಏಕಲ್ಲ? ಸೊನ್ನೆ ಬಂದರೆ ತೊಟ್ಟಿ ಬರಿದಾಗಿದೆಯೋ ತಂತಿ ತುಂಡಾಗಿದೆಯೋ ಹೇಳುವಂತಿಲ್ಲ. ‘ಏನೂ ಇಲ್ಲ’ ಎಂಬುದು ಒಂದು ಸುದ್ದಿ. ಸುದ್ದಿಯೇ ಇಲ್ಲವೆಂಬುದು ಬೇರೆ. ಅಲ್ಲಮಪ್ರಭುವಿನ ಶೂನ್ಯದ ಮೇಲೆ ಗಂಟೆಗಟ್ಟಲೆ ಪ್ರವಚನ ಮಾಡಿದ ನನಗೆ ಸೊನ್ನೆಯಲ್ಲಿ ಎರಡು ಬಗೆ ಉಂಟೆಂಬುದು ತಿಳಿದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದ; ಬಾಯಿ ಬಿಡುತ್ತಿರಲಿಲ್ಲ. ಒಂದು ಸಲ, ಎರಡು ಸಲ, ಹತ್ತು ಸಲ. ಅಹಂಕಾರವೆಂದು ಮೊದಲು ಅಂದುಕೊಂಡೆ. ದಡ್ಡತನವೆಂದು ಆಮೇಲೆ ತೀರ್ಮಾನಿಸಿದೆ. ಕೊನೆಗೆ ಹಿಂದಿನ ಬೆಂಚಿಗೆ ಕಳಿಸಿದೆ. ಮೌಖಿಕ ಪರೀಕ್ಷೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಸೊನ್ನೆ ಬರೆದೆ. ಮುಂದಿನ ವರ್ಷ ಅವನು ಕಾಲೇಜಿಗೆ ಬರಲಿಲ್ಲ. ಬಹುದಿನಗಳ ಮೇಲೆ ಅವನ ಜೊತೆಗಾರನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಬೇರೆ ಏನೋ ಮಾತಾಡುತ್ತ, ಅವನಿಗೆ ಚಿಕ್ಕಂದಿನಿಂದಲೂ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂದ. ಪ್ರಶ್ನೆ ಏನೆಂದು ತಿಳಿಯದೆ ನಿಂತಿರುತ್ತಿದ್ದನಂತೆ. ಎಲ್ಲರ ಮುಂದೆ ಮತ್ತೊಮ್ಮೆ ಕೇಳಿರೆನ್ನಲು ನಾಚಿಕೆಯಂತೆ. ನಾನು ಅವನನ್ನು ಇನ್ನೂ ನಾಲ್ಕು ಬೆಂಚು ಹಿಂದಕ್ಕೆ ಅಟ್ಟಿದ್ದೆ.

ತುಂಡಾದದ್ದು ತಂತಿ. ನಾನು ಬರೆದದ್ದು ತೊಟ್ಟಿ ಬರಿದಾಗಿದೆಯೆಂದು. ಇಲ್ಲಿ ‘ಎಲ್ಲಿ?’ ಎಂದು ಕೇಳುತ್ತ ಹೋದರೆ ಕೊನೆಗೆ ಸಿಕ್ಕುವ ‘ಯಾರು?’ ಎಂಬುದಕ್ಕೆ ಉತ್ತರ ನಾನೇ. ಇದನ್ನು ಬರೆಯುವಾಗ ಸುಖವಾಗುತ್ತಿಲ್ಲ.

ನಮ್ಮ ಹುಡುಗ ತಂತಿಯನ್ನು ಮುಟ್ಟುವ ಮುಂಚೆ ಅದರಲ್ಲಿ ವಿದ್ಯುತ್ತಿಲ್ಲವೆಂದು ಮೀಟರಿನಿಂದ ಖಚಿತ ಮಾಡಿಕೊಳ್ಳುತ್ತಾನೆ. ಆದರೆ ಅದಕ್ಕೂ ಮುಂಚೆ, ವಿದ್ಯುತ್ತು ಇದೆಯೆಂದು ಗೊತ್ತಿರುವ ಇನ್ನೊಂದು ಕಡೆ ಆ ಮೀಟರನ್ನು ಇಟ್ಟು, ಮೀಟರು ಸರಿಯಿದೆಯೆ ಎಂದು ನೋಡುತ್ತಾನೆ. ಅಳೆದಾದ ಮೇಲೆ ಮತ್ತೊಮ್ಮೆ ನೋಡುತ್ತಾನೆ. ನಡುವೆ ಮೀಟರೇ ಕೆಟ್ಟಿರಬಹುದಲ್ಲ! ಅಳೆಯುವವನು ಮೊದಲು ತನ್ನ ಅಳತೆಗೋಲನ್ನು ಅಳೆಯಬೇಕೆಂಬ ಈ ನಿಯಮವನ್ನು ಉಪಾಧ್ಯಾಯರಿಗೂ, ನ್ಯಾಯಾಧೀಶರಿಗೂ, ತಂದೆತಾಯಿಗಳಿಗೂ ಅನ್ವಯಿಸಿದರೆ ಲೋಕದ ಎಷ್ಟು ಸೊನ್ನೆಗಳು ಅಳಿಸಿಹೋಗುತ್ತವೆಯೋ! ದಿನದ ಕೊನೆಯ ತರಗತಿ, ಹಸಿವು, ತಲೆನೋವು, ಮನೆಯಿಂದ ಹೊತ್ತುಕೊಂಡು ಬಂದ ಸಿಟ್ಟು, ಇವುಗಳ ನಡುವೆ ನನ್ನ ಮೀಟರು ಎಷ್ಟು ಸಲ ಕೆಟ್ಟಿತ್ತೋ ನನಗೇ ತಿಳಿಯದು.

ಕಮಲಾಪುರದ ಗಿರಣಿಯನ್ನು ಬಿಡುವ ಮುಂಚೆ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ರಿಪೇರಿಯಾದ ಮೇಲೆ, ಏನು ಕೆಟ್ಟಿತ್ತು, ಏನು ಮಾಡಿದೆ ಎಂಬುದನ್ನು ಯಂತ್ರದ ದಿನಚರಿಯಲ್ಲಿ ಬರೆದಿಡುವುದು ಅವನ ಪದ್ಧತಿ. ಮುಂದೆ ಬರುವವನಿಗೆ ಅದು ದಾರಿದೀಪ. ತಾರೀಖು ಬರೆದ, ಬಿಸಿಲಿನ ಸಂಗತಿ ಬರೆದ, ಕಣ್ಣು, ದೀಪ ಅದಲುಬದಲು ಮಾಡಿದ್ದನ್ನು ಬರೆದ, ಕೆಂಪು ತಂತಿ ಕಿತ್ತದ್ದನ್ನೂ ಬರೆದ. ಲೇಖನಿ ಮುಚ್ಚಲಿದ್ದವನು ಮತ್ತೆ ತೆರೆದು ಕೆಳಗೆ ಒಂದು ಸಾಲು ಸೇರಿಸಿದ: ‘ಇದರಲ್ಲಿ ಕೆಲಸಗಾರರ ತಪ್ಪು ಇರುವುದಿಲ್ಲ.’ ಪುಸ್ತಕವನ್ನು ಮಾಲೀಕರ ಮುಂದೆ ಹಿಡಿದ. ಅವರು ಓದಿ, ಒಂದು ಕ್ಷಣ ಸುಮ್ಮನಿದ್ದು, ರುಜು ಹಾಕಿದರು. “ಮುರಿದ ಕೂಲಿ ಬಟವಾಡೆದಾಗ ಸೇರಿಸ್ತೀನಿ” ಎಂದು ಯಾರ ಮುಖವನ್ನೂ ನೋಡದೆ ಹೇಳಿದರು. ಕೆಲಸಗಾರ ಏನೂ ಅನ್ನಲಿಲ್ಲ. ಹೊಸ ಚೀಲವೊಂದನ್ನು ಕೊಡವಿ ಬಾಯಿಗೆ ಹಿಡಿದ. ಬೇಳೆ ಸರಿಯಾಗಿ ಚೀಲಕ್ಕೇ ಬಿತ್ತು.

ಆಗ ನನಗೆ ಅದೊಂದು ಸೌಜನ್ಯದ ಸಾಲೆಂದು ತೋರಿತು. ಈಗ ಹಾಗೆ ತೋರುವುದಿಲ್ಲ. ರಿಪೇರಿಯ ಕೊನೆಯ ತಿರುಪು ಅದೇ. ನನ್ನ ಹಳೆಯ ಅಂಕಪಟ್ಟಿ ಕಾಲೇಜಿನ ಬೀರುವಿನಲ್ಲಿ ಎಲ್ಲಿಯೋ ಇದೆ. ಅದರಲ್ಲಿ ಅಂಥ ಸಾಲೊಂದನ್ನು ಬರೆಯುವ ಅವಕಾಶ ಈಗ ನನಗಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಿ ಉತ್ತರ ಬಾರದಿದ್ದರೆ ಈಗ ಮೇಜು ಬಿಟ್ಟು ಇಳಿದು ಹುಡುಗನ ಬೆಂಚಿನ ಬಳಿಗೆ ಹೋಗುತ್ತೇನೆ. ಹತ್ತಿರ ನಿಂತು ಇನ್ನೊಮ್ಮೆ ಕೇಳುತ್ತೇನೆ. ಎಷ್ಟೋ ಸಲ ಉತ್ತರ ಬರುತ್ತದೆ. ಬಾರದಿದ್ದಾಗಲೂ ಸೊನ್ನೆ ಬರೆಯುವ ಮುಂಚೆ ಕೈ ಸ್ವಲ್ಪ ತಡೆಯುತ್ತದೆ.